ನನ್ನ ಪಾಲಿಗೆ ಬಂದ ಸ್ಪ್ಯಾನಿಷ್ ಪುಸ್ತಕ

ನನಗೆ ಇಪ್ಪತ್ತು ತುಂಬಿದ ವರ್ಷ ಪುಸ್ತಕದ ಮನೆಯ ಕತ್ತಲೆ ಕೋಣೆಯಲ್ಲಿ ಕೈಯಾಡಿಸಿ ನಾನು ಎತ್ತಿಕೊಂಡು ಬಂದ ಪುಸ್ತಕ ಸ್ಪ್ಯಾನಿಷ್ ಭಾಷೆಯದಾಗಿತ್ತು. ನಮ್ಮೂರಿನಲ್ಲಿ ಆ ಭಾಷೆ ಬಲ್ಲವರು ಯಾರೂ ಇರಲಿಲ್ಲ. ನನಗಂತೂ ಬರುತ್ತಿರಲಿಲ್ಲ. ಆದರೂ ಇಪ್ಪತ್ತಾರು ವರ್ಷ ಅದರೊಳಗಿನ ಕಥೆಗಳನ್ನು ಊರಿಗೆಲ್ಲ ಹೇಳಿದೆ, ಹೇಳಿ ಹೆಸರು ಮಾಡಿದೆ. ಅದನ್ನೆಲ್ಲ ಬರೆದಿಡಬೇಕೆಂದು ನನ್ನ ಹೆಂಡತಿ ಕಾಳಮ್ಮ ಹಟ ಹಿಡಿದಿದ್ದಾಳೆ. "ಸುಳ್ಳು ಹೇಳೋದನ್ನ ನಿಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಿಜ ಬರೆಯೋದನ್ನೂ ಒಂದು ಸಲ ಮಾಡಿ ನೋಡ್ರಿ, ಕೈ ಏನೂ ಸವೆಯಲ್ಲ" ಅಂದಳು. ಅದಕ್ಕೆ ಕೂತಿದ್ದೇನೆ.

ನಮ್ಮೂರಿನಲ್ಲಿ ಒಬ್ಬರಿಗೆ ಒಂದೇ ಪುಸ್ತಕ. ಇಪ್ಪತ್ತನೆಯ ವಯಸ್ಸಿಗೆ ಕೈಗೆ ಸಿಕ್ಕಿದ್ದೇ ಜೀವಮಾನಕ್ಕೆಲ್ಲ. ಬೇರೆಯವರು ಅದನ್ನು ತೆರೆದರೆ ಅವರಿಗೆ ಕಾಣುವುದು ಬರಿಯ ಬಿಳಿ ಹಾಳೆ. ಹೀಗಾಗಿ ಯಾರಿಗೆ ಏನು ತಿಳಿಯಬೇಕೋ ಅವರು ಆ ಪುಸ್ತಕದವರ ಮನೆಗೆ ಹೋಗಿ ಕೇಳಬೇಕು. ಕೂಸಿಗೆ ಜ್ವರ ಬಂದರೆ ಕ್ಷೌರದ ಮುನಿಯಪ್ಪನ ಮನೆಗೆ ಓಡಬೇಕು, ವೈದ್ಯದ ಪುಸ್ತಕ ಸಿಕ್ಕಿದ್ದು ಅವನಿಗೆ. ಮದುವೆಯ ಅಡುಗೆಗೆ ಅಂಚೆಯ ಗೋಪಾಲಯ್ಯನನ್ನು ಕೇಳಬೇಕು. ಅವನಿಗೆ ನೀರು ಕಾಯಿಸಲೂ ಬರುವುದಿಲ್ಲ, ಆದರೆ ಒಗ್ಗರಣೆಯ ಬಗ್ಗೆ ಅವನ ಮಾತೇ ಕೊನೆ. ಕಾಳಮ್ಮನಿಗೆ ಸಿಕ್ಕಿದ್ದು ಯಾವುದೋ ದೂರದ ದೇಶದ ರೈಲುಗಳ ವೇಳಾಪಟ್ಟಿ. ನಮ್ಮೂರಿಗೆ ರೈಲಿಲ್ಲ. ಆದರೂ ಅಕ್ಕಪಕ್ಕದ ಹೆಂಗಸರು ತಮಾಷೆಗೆ, "ಕಾಳಮ್ಮ, ಇವತ್ತು ಯಾವ ರೈಲು ತಡ?" ಎಂದು ಕೇಳಿದರೆ ಅವಳು ಗಂಭೀರವಾಗಿ, "ತಡ ಆಗೋದನ್ನ ಇದರಲ್ಲಿ ಬರೆದಿಲ್ಲಮ್ಮ. ಹೊರಡೋ ಹೊತ್ತು, ಸೇರೋ ಹೊತ್ತು, ಅಷ್ಟೇ" ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ನಿಮಿಷವನ್ನೂ ಅವಳು ಕೈಯಿಂದ ಸೇರಿಸಿಲ್ಲ.

ನನ್ನ ಪುಸ್ತಕದ ರಟ್ಟಿನ ಮೇಲಿನ ಹೆಸರು ಅಳಿಸಿಹೋಗಿತ್ತು. ಪುಸ್ತಕದ ಮನೆಯ ಯಜಮಾನ ರಂಗರಾಯರು ತಮ್ಮ ದಪ್ಪ ಪಟ್ಟಿಯನ್ನು ತಿರುವಿ, "ಸ್ಪ್ಯಾನಿಷ್. ಕಥೆಗಳು. ತಾತ್ವಿಕ ಮತ್ತು ಅದ್ಭುತ. ಬಹಳ ಹೆಸರುವಾಸಿಯಾದ ಗ್ರಂಥ" ಎಂದು ಗಟ್ಟಿಯಾಗಿ ಓದಿದರು. ಕೊನೆಯ ಮಾತನ್ನು ಅವರು ಓದದೆ ಇದ್ದಿದ್ದರೆ ನಾನು, "ನನಗೆ ಈ ಭಾಷೆ ಬರೋದಿಲ್ಲ" ಎಂದು ಒಪ್ಪಿಕೊಂಡು ಮನೆಗೆ ಹೋಗುತ್ತಿದ್ದೆನೋ ಏನೋ. ಹೆಸರುವಾಸಿ ಎಂದ ಕೂಡಲೇ ಅಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಪುಸ್ತಕ ಬಿಡಿಸಿ, ಒಂದು ಪುಟದ ಮೇಲೆ ಕಣ್ಣಾಡಿಸಿ, "ಹ್ಞೂಂ" ಅಂದೆ. ನನ್ನ ಸುಳ್ಳು ಶುರುವಾದದ್ದು ಆ ಒಂದು ಹ್ಞೂಂನಿಂದ.

ನಾನು ಅಂಗಡಿಗಳ ಬೋರ್ಡು ಬರೆಯುವವನು. ಇಂಗ್ಲಿಷಿನ ಅಕ್ಷರಗಳೆಲ್ಲ ಗೊತ್ತಿದ್ದವು, ಇದರಲ್ಲಿಯೂ ಹೆಚ್ಚುಕಡಿಮೆ ಅವೇ ಇದ್ದವು. ಆದರೆ ಪ್ರಶ್ನೆ ಕೇಳುವ ಮೊದಲೇ ಅವರು ಪ್ರಶ್ನೆ ಚಿಹ್ನೆಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದರು. ಅಚ್ಚಿನವನ ಕೈತಪ್ಪು ಅಂದುಕೊಂಡೆ. ಕೆಲವು ಎನ್ ಅಕ್ಷರಗಳ ತಲೆಯ ಮೇಲೆ ಒಂದು ಸಣ್ಣ ಹುಳು ಕೂತಿತ್ತು. ಮೂರು ದಿನ ಅದನ್ನು ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ನಾಲ್ಕನೆಯ ದಿನ ಸೋಡಾ ಅಂಗಡಿಯ ಮುಂದೆ ಜನ ಹಿಡಿದು ನಿಲ್ಲಿಸಿ, "ಒಂದು ಕಥೆ ಹೇಳಪ್ಪಾ ಭದ್ರಣ್ಣ" ಅಂದರು. ಬಾಯಿಗೆ ಬಂದದ್ದು ಹೇಳಿದೆ: ಒಂದೂರಲ್ಲಿ ಒಂದು ಸೇತುವೆ, ಅದನ್ನು ದಾಟಿದವರು ಆಚೆ ದಡಕ್ಕೆ ಹೋಗುವ ಬದಲು ನಿನ್ನೆಗೆ ಹೋಗುತ್ತಿದ್ದರು, ಒಬ್ಬ ಮಾತ್ರ ಸೇತುವೆಯ ನಡುವೆಯೇ ಮನೆ ಕಟ್ಟಿಕೊಂಡ. ಜನ ಬಾಯಿ ತೆರೆದು ಕೇಳಿದರು. "ತಾತ್ವಿಕವಾಗಿದೆ" ಎಂದು ಒಬ್ಬ ಅಂದ. "ಅದ್ಭುತವಾಗಿಯೂ ಇದೆ" ಎಂದು ಇನ್ನೊಬ್ಬ ಅಂದ. ಅಂದಿನಿಂದ ನಾನು ಊರಿನ ದೊಡ್ಡ ಮನುಷ್ಯನಾದೆ. ಹೆಣ್ಣು ನೋಡಲು ಹೋದಾಗಲೂ ಅದೇ ಸೇತುವೆಯ ಕಥೆ ಹೇಳಿದೆ. ಕಾಳಮ್ಮ ಒಪ್ಪಿಕೊಂಡಳು.

ಹೀಗೆ ಎಂಟು ವರ್ಷ ಕಳೆದ ಮೇಲೆ ಅಂಬಕ್ಕ ಬಂದರು. ಅವರದು ಪೇಟೆಯ ಮೂಲೆಯಲ್ಲಿ ಬಳೆ ಅಂಗಡಿ. ಅವರ ಹನ್ನೊಂದು ವರ್ಷದ ಮಗಳು ತುಂಗಿ ಆಗಷ್ಟೇ ಜ್ವರದಲ್ಲಿ ತೀರಿಕೊಂಡಿದ್ದಳು. ಮುನಿಯಪ್ಪನ ಪುಸ್ತಕದಲ್ಲಿ ಆ ಜ್ವರಕ್ಕೆ ಏನೂ ಇರಲಿಲ್ಲ. ಅಂಬಕ್ಕ ಪುರಾಣದ ಪುಸ್ತಕದವರ ಮನೆಗೆ ಹೋಗಿದ್ದರು, ಮಂತ್ರದ ಪುಸ್ತಕದವರ ಮನೆಗೆ ಹೋಗಿದ್ದರು. ಕೊನೆಗೆ ನನ್ನ ಮನೆಯ ಬಾಗಿಲಲ್ಲಿ ನಿಂತು, "ಭದ್ರ, ನಿನ್ನ ಪುಸ್ತಕದಲ್ಲಿ ಚಿಕ್ಕ ಹುಡುಗಿ ಕಥೆ ಏನಾದ್ರೂ ಇದೆಯೇನಪ್ಪ?" ಎಂದು ಕೇಳಿದರು.

ಇದೆ ಅಂದೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುವಷ್ಟರಲ್ಲಿ ಕಥೆ ಹುಟ್ಟಿಸಿದೆ. ಒಬ್ಬ ಹುಡುಗಿಯನ್ನು ಅಮ್ಮ ಪಕ್ಕದ ಮನೆಗೆ ಉಪ್ಪು ತರಲು ಕಳಿಸಿದಳು. ಹುಡುಗಿ ಉಪ್ಪು ಇಸಿದುಕೊಂಡು ಹೊರಟಳು. ಅಷ್ಟರಲ್ಲಿ ಬೀದಿ ಉದ್ದವಾಗಿತ್ತು. ಎರಡು ಮನೆಗಳ ನಡುವೆ ಇನ್ನೊಂದು ಮನೆ ಎದ್ದಿತ್ತು, ಅದನ್ನು ದಾಟಿದರೆ ಮತ್ತೊಂದು. ಹುಡುಗಿಗೆ ಹೆದರಿಕೆಯಿಲ್ಲ, ಬೇಸರವೂ ಇಲ್ಲ. ಅವಳು ಮನೆಗೆ ಬರುತ್ತಲೇ ಇದ್ದಾಳೆ. "ಮುಂದೆ?" ಅಂದರು ಅಂಬಕ್ಕ. "ಮುಂದಿನ ಮನೆಯ ವಿಷಯ ಇನ್ನೊಂದು ಪುಟದಲ್ಲಿದೆ, ಬರುವ ಮಂಗಳವಾರ ಬನ್ನಿ" ಅಂದೆ.

ಕರುಣೆಯಿಂದ ಹೇಳಿದೆ ಅಂದರೆ ಅರ್ಧ ನಿಜ. ಅಂಬಕ್ಕ ಕಣ್ಣು ಮಿಟುಕಿಸದೆ ಕೇಳಿದ ರೀತಿ ನನಗೆ ಬಹಳ ಹಿಡಿಸಿತ್ತು, ಅದು ಉಳಿದರ್ಧ. ಅವರು ಬರುವ ಮಂಗಳವಾರ ಬಂದರು. ಅದರ ಮುಂದಿನ ಮಂಗಳವಾರವೂ ಬಂದರು. ಹದಿನೆಂಟು ವರ್ಷ ಬಂದರು. ಪ್ರತಿವಾರ ಹುಡುಗಿ ಒಂದು ಮನೆ ದಾಟಿದಳು. ಗಿಳಿ ಸಾಕಿದವರ ಮನೆ, ಬಾಗಿಲೇ ಇಲ್ಲದ ಮನೆ, ಕುಂಬಾರರ ಮನೆ, ಯಾರೋ ಸೀನುತ್ತಿದ್ದ ಮನೆ. ಒಮ್ಮೆ ಅಂಬಕ್ಕ, "ಇನ್ನೆಷ್ಟು ಪುಟ ಇದೆಯಪ್ಪಾ?" ಎಂದರು. "ದಪ್ಪ ಪುಸ್ತಕ ಅಂಬಕ್ಕ" ಅಂದೆ. ನನ್ನ ಪುಸ್ತಕ ನೂರ ಅರವತ್ತು ಪುಟದ್ದು. ಅಂದಿನಿಂದ ಅವರು ಬರುವ ಹೊತ್ತಿಗೆ ಅದನ್ನು ಬಟ್ಟೆಯಲ್ಲಿ ಮೂರು ಸುತ್ತು ಸುತ್ತಿಡುತ್ತಿದ್ದೆ.

ಕಳೆದ ವರ್ಷ ಹಿಟ್ಟಿನ ಗಿರಣಿಯವರ ಮಗಳು ಚಂಪಾವತಿಗೆ ಇಪ್ಪತ್ತು ತುಂಬಿತು. ಅವಳ ಕೈಗೆ ಬಂದದ್ದು ಸ್ಪ್ಯಾನಿಷ್-ಕನ್ನಡ ನಿಘಂಟು.

ಪಾಪದ ಹುಡುಗಿ, ಮೊದಲ ದಿನ ಅತ್ತಳಂತೆ. ನಿಘಂಟು ಇಟ್ಟುಕೊಂಡು ಏನು ಮಾಡುವುದು, ಯಾರು ಬಂದು ಏನು ಕೇಳುತ್ತಾರೆ ಎಂದು. ಆಮೇಲೆ ಯಾರೋ ನನ್ನ ಹೆಸರು ಹೇಳಿದ್ದಾರೆ. ಮರುದಿನ ಬೆಳಿಗ್ಗೆ ನಾನು ಏಣಿಯ ಮೇಲೆ ನಿಂತು ಒಂದು ಪಾತ್ರೆ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ ಕೆಳಗಿನಿಂದ ಕೂಗಿದಳು: "ಭದ್ರಣ್ಣಾ! ನಿಮಗೆ ಅರ್ಥವಾಗದ ಪದ ಏನಾದ್ರೂ ಇದ್ರೆ ಹೇಳಿ, ನಾನು ಹುಡುಕಿಕೊಡ್ತೀನಿ!"

"ಪಾತ್ರೆ" ಎಂದು ಬರೆಯುತ್ತಿದ್ದವನು ಒತ್ತು ಮರೆತೆ. ಆ ಅಂಗಡಿಯ ಮೇಲೆ ಇವತ್ತಿಗೂ "ಪಾತೆ ಅಂಗಡಿ" ಎಂದೇ ಇದೆ.

ನನಗೆ ಎಲ್ಲ ಪದಗಳೂ ಅರ್ಥವಾಗುತ್ತವೆ ಎಂದು ಒಂದು ವಾರ ತಪ್ಪಿಸಿಕೊಂಡೆ. ಗಂಟಲು ಕಟ್ಟಿದೆ ಎಂದು ಇನ್ನೊಂದು ವಾರ. ಮೂರನೆಯ ವಾರ ಅವಳು ನಿಘಂಟು ಹೊತ್ತು ಮನೆಗೇ ಬಂದಳು. "ಒಂದು ಸಾಲು ಸಾಕು. ನೀವು ಅಕ್ಷರ ಹೇಳಿ, ನಾನು ಹುಡುಕ್ತೀನಿ. ನನ್ನ ಪುಸ್ತಕ ಒಂದು ಸಲನಾದ್ರೂ ಕೆಲಸಕ್ಕೆ ಬರಲಿ" ಅಂದಳು. ನನಗೊಂದು ಉಪಾಯ ಹೊಳೆಯಿತು. ನನ್ನ ಪುಟದಲ್ಲಿ ಏನಿದೆ ಎಂದು ಅವಳಿಗೆ ಕಾಣುವುದಿಲ್ಲವಲ್ಲ. ಬಾಯಿಗೆ ಬಂದ ಅಕ್ಷರ ಹೇಳತೊಡಗಿದೆ: "ಕೆ, ಯು, ಆರ್, ಕೆ, ಓ."

ಅವಳು ಹಾಳೆ ತಿರುವಿದಳು. "ಇಲ್ಲವಲ್ಲ."

"ಹಾಗಾದ್ರೆ ಮುಂದಿನದು. ಕೆ, ಐ, ಎಮ್, ಎ, ಕೆ."

"ಇದೂ ಇಲ್ಲ." ಮೂರನೆಯ ಪದಕ್ಕೆ ಅವಳು ತಲೆಯೆತ್ತಿ ನೋಡಿದಳು. "ಭದ್ರಣ್ಣ, ಈ ಭಾಷೇಲಿ ಕೆ ಅನ್ನೋ ಅಕ್ಷರಕ್ಕೆ ಇರೋದೇ ಮುಕ್ಕಾಲು ಪುಟ. ನಿಮ್ಮ ಪುಸ್ತಕದ ತುಂಬ ಬರೀ ಕೆ ನೇ ಇದೆಯಲ್ಲ!"

ಆ ಭಾಷೆಯಲ್ಲಿ ಸುಳ್ಳು ಹೇಳಬೇಕಾದರೂ ಆ ಭಾಷೆ ಬರಬೇಕು ಎಂಬುದು ನನಗೆ ತಿಳಿದದ್ದು ಅಂದು. ಅವಳಿಗೆ ಅನುಮಾನವೇನೂ ಬಂದಿರಲಿಲ್ಲ. ನನ್ನ ಕಣ್ಣು ಮಂಜಾಗಿದೆ ಅಂದುಕೊಂಡಳು. ಎದ್ದು ಹೊರಡುವಾಗ, "ಉಪ್ಪಿಗೆ ಅವರು ಎಸ್, ಎ, ಎಲ್ ಅಂತಾರೆ ಭದ್ರಣ್ಣ. ಅಂಬಕ್ಕ ಹೇಳ್ತಿರ್ತಾರಲ್ಲ, ಆ ಉಪ್ಪಿನ ಹುಡುಗಿ ಕಥೇಲಿ ಅದು ಎಷ್ಟು ಸಲ ಬರತ್ತೆ ನೋಡಿಡಿ. ನಾಳೆ ಅಲ್ಲಿಂದ ಶುರು ಮಾಡೋಣ" ಅಂದಳು.

ಮಾರನೆಯ ದಿನ ಕೆಲಸಕ್ಕೆ ಹೋಗಲಿಲ್ಲ, ನನಗೆ ಹುಷಾರಿಲ್ಲ, ಬರಬೇಡ ಎಂದು ಚಂಪಾವತಿಗೆ ಹೇಳಿಕಳಿಸಿದೆ. ಕದ ಹಾಕಿಕೊಂಡು ನೂರ ಅರವತ್ತು ಪುಟಗಳಲ್ಲಿ ಉಪ್ಪನ್ನು ಹುಡುಕಿದೆ. ಒಂದೇ ಒಂದು ಚಿಟಿಕೆ ಉಪ್ಪು ಸಿಕ್ಕಿದ್ದರೆ ಸಾಕಿತ್ತು. ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಎಷ್ಟೋ ಕಡೆ ಆ ಮೂರು ಅಕ್ಷರ ಸಿಕ್ಕವು, ಎಲ್ಲ ಕಡೆಯೂ ಬೇರೆ ಯಾವುದೋ ಉದ್ದನೆಯ ಪದದ ಹೊಟ್ಟೆಯೊಳಗೆ. ಕದ ತಟ್ಟಿ, ಹುರುಳಿಕಾಯಿ ತಟ್ಟೆ ಹಿಡಿದು ಒಳಗೆ ಬಂದು ಕೂತ ಕಾಳಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ನನ್ನ ನೋಡೋಕೆ ಬಂದಾಗ ಹೇಳಿದ್ದು?"

"ಅದೂ."

"ಆ ಸೇತುವೆ ಕಥೆ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತೇನ್ರಿ? ಪುಸ್ತಕದ್ದು, ಪುಸ್ತಕದ್ದು ಅಂತ." ತಟ್ಟೆಯಲ್ಲಿದ್ದ ಕಾಯನ್ನೆಲ್ಲ ಹೆಚ್ಚಿ ಮುಗಿಸಿ ಚಾಕು ಕೆಳಗಿಟ್ಟಳು. "ನನ್ನ ವಿಷಯ ಇರಲಿ. ನಾನು ಆಮೇಲೆ ನೋಡ್ಕೋತೀನಿ. ಅಂಬಕ್ಕನಿಗೆ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಅವರು ಕೇಳಬಾರದು."

ಎಂಟು ದಿನ ಅವಳು ನನ್ನೊಡನೆ ವೇಳಾಪಟ್ಟಿಯ ಹಾಗೆ ಮಾತಾಡಿದಳು. ಊಟ ಒಂದು ಗಂಟೆಗೆ. ಬಿಸಿನೀರು ಆರು ಹತ್ತಕ್ಕೆ. ಈ ಮಂಗಳವಾರ ಬರಬೇಡಿ, ನಾನೇ ಬರುತ್ತೇನೆ ಎಂದು ಅಂಬಕ್ಕನಿಗೆ ಹೇಳಿಕಳಿಸಿ, ಆ ಎಂಟು ದಿನದಲ್ಲಿ ನಾನು ಮೂರು ಸಲ ಬಳೆ ಅಂಗಡಿಗೆ ಹೋದೆ. ಅಂಬಕ್ಕ ಮುಖವರಳಿಸಿ, "ಬಾ ಭದ್ರ, ನನ್ನ ಹುಡುಗಿ ಎಲ್ಲಿಗೆ ಬಂದಳು?" ಎಂದು ಕೇಳುತ್ತಿದ್ದರು. "ಕಾಳಮ್ಮನಿಗೆ ಬಳೆ ಬೇಕಿತ್ತು" ಅನ್ನುತ್ತಿದ್ದೆ. ಮೊದಲ ಸಲ ಹಸಿರು ಬಳೆ ತಂದೆ, ಎರಡನೆಯ ಸಲ ಕೆಂಪು. ಮೂರನೆಯ ಸಲ ಹಳದಿ ಬಳೆ ಕೈಗಿಟ್ಟಾಗ ಕಾಳಮ್ಮ ಎರಡೂ ತೋಳು ಎತ್ತಿ ತೋರಿಸಿದಳು. "ಇನ್ನು ಜಾಗ ಇಲ್ಲ. ಇನ್ನು ನೀವು ನಿಜ ಹೇಳಲೇಬೇಕು."

ಹೇಳಲಿಲ್ಲ. ಅಷ್ಟರಲ್ಲಿ ಹೇಳುವ ದಿನ ಬಂತು. ವರ್ಷಕ್ಕೊಮ್ಮೆ ಪುಸ್ತಕದ ಮನೆಯ ಅಂಗಳದಲ್ಲಿ ಊರೆಲ್ಲ ಸೇರುತ್ತದೆ. ಹೊಸದಾಗಿ ಪುಸ್ತಕ ಪಡೆದವರು ತಮ್ಮ ಪುಸ್ತಕದಲ್ಲಿ ಏನಿದೆ ಎಂದು ಹೇಳುತ್ತಾರೆ. ರಂಗರಾಯರು ಎದ್ದು ನಿಂತು, "ಈ ವರ್ಷ ಒಂದು ವಿಶೇಷ. ನಮ್ಮ ಭದ್ರಣ್ಣ ಒಂದು ಪುಟ ಓದ್ತಾರೆ, ಚಂಪಾವತಿ ಪದಪದಕ್ಕೂ ಅರ್ಥ ಹೇಳ್ತಾಳೆ. ಯಾವ ಪುಟ ಅಂತ ಅಂಬಕ್ಕನೇ ಹೇಳಲಿ" ಅಂದರು.

ಅಂಬಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ನಾಚಿಕೊಂಡು, "ಇನ್ಯಾವುದು ಕೇಳಲಿ? ಉಪ್ಪಿನ ಹುಡುಗಿಯದೇ. ಅವಳು ಮನೆಯಿಂದ ಹೊರಡೋ ಪುಟ" ಅಂದರು.

ಚಂಪಾವತಿ ನಿಘಂಟು ಬಿಡಿಸಿಕೊಂಡು ಖುಷಿಯಿಂದ ನನ್ನ ಮುಖ ನೋಡುತ್ತಿದ್ದಳು. ನಾನು ಪುಸ್ತಕದ ಬಟ್ಟೆ ಬಿಚ್ಚಿದೆ. ಮೂರು ಸುತ್ತು ಬಿಚ್ಚಿದ ಮೇಲೆ ಒಳಗಿನಿಂದ ಬಂದ ಪುಸ್ತಕ ಎಷ್ಟು ತೆಳ್ಳಗಿತ್ತೆಂದರೆ ಹಿಂದೆ ಯಾರೋ, "ಇಷ್ಟೇನಾ?" ಅಂದರು. ನಾನು ಇಷ್ಟು ಮಾತ್ರ ಹೇಳಿದೆ: "ಆ ಪುಟ ಇಲ್ಲ. ಆ ಕಥೇನೇ ಇದರಲ್ಲಿ ಇಲ್ಲ. ಯಾವ ಕಥೇನೂ ಇದರದಲ್ಲ. ನನಗೆ ಈ ಭಾಷೆ ಬರೋದಿಲ್ಲ."

ಯಾರೋ ನಕ್ಕರು. ಇದೂ ಒಂದು ತಾತ್ವಿಕ ಕಥೆ ಅಂದುಕೊಂಡಿರಬೇಕು. ಚಂಪಾವತಿಯ ಮುಖ ಮಾತ್ರ ಸಣ್ಣಗಾಯಿತು. ಅವಳಿಗೆ ಕೆ ಅಕ್ಷರದ ನೆನಪಾಗಿತ್ತು. ಅಂಬಕ್ಕ ಎದ್ದರು. ಅವರು ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಸೆರಗು ಸರಿಮಾಡಿಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು, ಗೇಟು ದಾಟಿ ಹೋದರು. ಇಪ್ಪತ್ತಾರು ವರ್ಷ ಊರೆಲ್ಲ ನನ್ನ ಮಾತು ಕೇಳಿದೆ ಎಂದು ಬೀಗಿದವನಿಗೆ ಆ ಹೆಂಗಸನ್ನು ನಿಲ್ಲಿಸಲು ಒಂದು ಮಾತು ಸಿಗಲಿಲ್ಲ.

ತನ್ನ ಪುಸ್ತಕದ ಬಗ್ಗೆ ಸುಳ್ಳು ಹೇಳಿದವನಿಗೆ ಏನು ಶಿಕ್ಷೆ ಎಂದು ರಂಗರಾಯರು ಹುಡುಕಿದರು. ಕಾನೂನಿನ ಪುಸ್ತಕ ಸಿಕ್ಕಿದ್ದ ಪುಣ್ಯಾತ್ಮ ತೀರಿಕೊಂಡಿದ್ದ. ಕೊನೆಗೆ ತಾವೇ ತೀರ್ಮಾನ ಮಾಡಿದರು: ಇದರಲ್ಲಿರುವ ಒಂದು ಕಥೆಯನ್ನಾದರೂ ನಿಜವಾಗಿ ಓದಿ ಹೇಳುವವರೆಗೆ ನನ್ನನ್ನು ಯಾರೂ ಏನೂ ಕೇಳಕೂಡದು. ಹಗುರವಾದ ಶಿಕ್ಷೆ ಅನ್ನಿಸಿತ್ತು. ಸೋಡಾ ಅಂಗಡಿಯ ಮುಂದೆ ನಾನು ಹೋದರೆ ಜನ ಮಾತು ನಿಲ್ಲಿಸಿ ಸೋಡಾ ಬಾಟಲಿಯ ಗೋಲಿಯನ್ನೇ ನೋಡತೊಡಗಿದಾಗ ಅದರ ಭಾರ ತಿಳಿಯಿತು.

ಚಂಪಾವತಿ ಹದಿನೈದು ದಿನ ಬಿಟ್ಟು ಬಂದಳು. "ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆದ್ರೆ ನನ್ನ ಪುಸ್ತಕಕ್ಕೆ ನಿಮ್ಮನ್ನ ಬಿಟ್ಟು ಬೇರೆ ಗತಿ ಇಲ್ಲ" ಎಂದು ಚಾಪೆ ಹಾಸಿ ಕೂತಳು. ಮೊದಲ ಸಾಲಿಗೆ ನಾಲ್ಕು ದಿನ ಹಿಡಿಯಿತು. ನಿಘಂಟಿನಲ್ಲಿ "ಕನಸು ಕಾಣು" ಇತ್ತು, ನನ್ನ ಪುಟದಲ್ಲಿ ಆ ಪದಕ್ಕೆ ಬೇರೆಯೇ ಬಾಲ. ಎನ್ ಅಕ್ಷರದ ತಲೆಯ ಮೇಲಿನ ಹುಳು, ಆ ಡೊಂಕು ಗೆರೆ, ತೆಗೆದರೆ ಪದವೇ ಬೇರೆ. ತಲೆಕೆಳಗಾದ ಪ್ರಶ್ನೆ ಚಿಹ್ನೆ ಅಚ್ಚಿನವನ ತಪ್ಪಲ್ಲ. ಇಲ್ಲಿಂದ ಪ್ರಶ್ನೆ ಶುರು, ಹುಷಾರು ಎಂದು ಓದುವವನಿಗೆ ಮೊದಲೇ ಹೇಳುವ ಮರ್ಯಾದೆ. ಆರು ಪುಟದ ಕಥೆಗೆ ಏಳು ತಿಂಗಳಾಯಿತು. ಒಬ್ಬ ನ್ಯಾಯಾಧೀಶ ಕನಸಿನಲ್ಲಿ ಒಬ್ಬ ಅಪರಿಚಿತ ಕಳ್ಳತನ ಮಾಡುವುದನ್ನು ನೋಡುತ್ತಾನೆ. ಬೆಳಿಗ್ಗೆ ಕೋರ್ಟಿಗೆ ಹೋದರೆ ಅದೇ ಮನುಷ್ಯ ಕಟಕಟೆಯಲ್ಲಿ ನಿಂತಿದ್ದಾನೆ. ಕಳುವಾದದ್ದು ನಿಜ, ಸಾಕ್ಷಿ ಮಾತ್ರ ಯಾರೂ ಇಲ್ಲ, ಕನಸು ಕಂಡವನ ಹೊರತು. ಕೊನೆಯ ಸಾಲಿನಲ್ಲಿ ನ್ಯಾಯಾಧೀಶ ಎದ್ದು ಹೋಗಿ ಆ ಮನುಷ್ಯನ ಪಕ್ಕದಲ್ಲಿ ನಿಲ್ಲುತ್ತಾನೆ, ತೀರ್ಪು ಕೊಡುವ ಕುರ್ಚಿ ಖಾಲಿ ಉಳಿಯುತ್ತದೆ.

ಆ ಸಾಲು ಬಿಡಿಸಿದ ದಿನ ಚಂಪಾವತಿ ಅದನ್ನು ನನ್ನಿಂದ ಇನ್ನೊಂದು ಸಲ ಓದಿಸಿದಳು. ಇಂಥದ್ದು ನನ್ನ ಮನೆಯಲ್ಲೇ ಇಪ್ಪತ್ತೇಳು ವರ್ಷ ಸುಮ್ಮನೆ ಬಿದ್ದಿತ್ತು. ಇದು ನನ್ನ ಕಥೆಗಳಿಗಿಂತ ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಇನ್ನೂ ಎರಡು ದಿನ ಬೇಕಾಯಿತು.

ಈ ವರ್ಷದ ಹೇಳುವ ದಿನ ಅದನ್ನು ಒಂದಕ್ಷರ ಕೂಡಿಸದೆ, ಕಳೆಯದೆ ಹೇಳಿದೆ. ಚಂಪಾವತಿ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದಳು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ಗೋಪಾಲಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಜ ಹೇಳಿದ್ದು ಒಳ್ಳೇದೇ ಭದ್ರಣ್ಣ. ಆದ್ರೆ ಮೊದಲಿನವು ಚೆನ್ನಾಗಿದ್ವು" ಅಂದ. ನಾನು ಬೇಜಾರಾದವನಂತೆ ಮುಖ ಮಾಡಿದೆ. ಕಾಳಮ್ಮನಿಗೆ ಮಾತ್ರ ಗೊತ್ತಾಯಿತು. "ಒಳಗೊಳಗೇ ಕುಣೀತಿದೀರಲ್ಲ" ಎಂದಳು. ಅಂಬಕ್ಕ ಬಂದಿರಲಿಲ್ಲ.

ಅವರು ಬಂದದ್ದು ಅದಾದ ಒಂಬತ್ತನೆಯ ದಿನ, ಮಂಗಳವಾರ, ಮಧ್ಯಾಹ್ನ. ನಾನು ಜಗಲಿಯಲ್ಲಿ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಅವರು ಮೆಟ್ಟಿಲ ಮೇಲೆ ಕೂತರು. ಒಂದು ವರ್ಷದಲ್ಲಿ ಬಹಳ ಇಳಿದುಹೋಗಿದ್ದರು.

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡ" ಅಂದರು. "ಆ ಉಪ್ಪಿನ ಹುಡುಗಿ ಕಥೆ ನೀನು ಯಾವಾಗ ಕಟ್ಟಿದ್ದು?"

"ನೀವು ಮೊದಲ ಸಲ ಬಂದ ದಿನ. ನೀವು ಚಪ್ಪಲಿ ಬಿಡೋಷ್ಟರಲ್ಲಿ."

"ಅದಕ್ಕೆ ಮುಂಚೆ ಇನ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಆಮೇಲೂ ಇಲ್ಲ."

"ಹಾಗಾದ್ರೆ ಅದು ನನಗೇ ಅಂತ ಮಾಡಿದ್ದು" ಅಂದರು. ಅವರು ನನ್ನನ್ನು ಕ್ಷಮಿಸಿದ್ದಾರೆ ಅಂದುಕೊಂಡು ಕಣ್ಣು ಒದ್ದೆ ಮಾಡಿಕೊಳ್ಳಲು ಸಿದ್ಧನಾಗುತ್ತಿದ್ದೆ. ಅಷ್ಟರಲ್ಲಿ ಅವರ ದನಿ ಏರಿತು.

"ಹದಿನೆಂಟು ವರ್ಷ ಕಣೋ ಭದ್ರ! ಹದಿನೆಂಟು ವರ್ಷ ಆ ಮಗೂನ ನಡೆಸಿದೀಯ. ಕಾಲು ನೋಯಲ್ವೇನೋ ಅದಕ್ಕೆ? ಎಷ್ಟೋ ಮಂಗಳವಾರ ಬಾಯಿಗೆ ಬಂದಿತ್ತು, ಸಾಕು ನಿಲ್ಲಿಸು ಅಂತ. ಪುಸ್ತಕದಲ್ಲಿ ಹಾಗೆ ಬರೆದಿದೆ, ಇವನಾದ್ರೂ ಏನು ಮಾಡ್ತಾನೆ ಅಂತ ಸುಮ್ಮನಿದ್ದೆ. ನಿನ್ನದೇ ಕೈಯಲ್ಲಿತ್ತು ಅಂತ ಗೊತ್ತಿದ್ರೆ ಅವತ್ತೇ ಹೇಳ್ತಿದ್ದೆ."

ಅವರಿಗೆ ಅದು ಸಮಾಧಾನ ಕೊಡುತ್ತಿದೆ ಅಂದುಕೊಂಡಿದ್ದೆ. ಒಂದು ದಿನವೂ ಕೇಳಿರಲಿಲ್ಲ.

"ಈಗ ಏನು ಮಾಡಲಿ ಅಂಬಕ್ಕ?"

"ಅವಳನ್ನ ಎಲ್ಲಾದ್ರೂ ಕೂರಿಸು."

ಕುಂಚ ಕೆಳಗಿಟ್ಟೆ. ಎಷ್ಟೋ ನೂರು ಮನೆ ಕಟ್ಟಿದವನಿಗೆ ಒಂದು ಕೊನೆಯ ಮನೆ ಕಟ್ಟಲು ಆಗಲಿಲ್ಲ. ಆದರೂ ಶುರು ಮಾಡಿದೆ. "ಹುಡುಗಿ ಒಂದು ಮನೆಯ ಮುಂದೆ ಬಂದಳು. ಜಗಲಿ ಇತ್ತು. ಉಪ್ಪಿನ ಪೊಟ್ಟಣ ಪಕ್ಕಕ್ಕಿಟ್ಟು ಕೂತಳು..."

"ಯಾರ ಮನೆ?"

"ಗೊತ್ತಿಲ್ಲ ಅಂಬಕ್ಕ" ಅಂದೆ. ಕಥೆಯ ವಿಷಯದಲ್ಲಿ ಆ ಮಾತು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

"ನನಗೆ ಗೊತ್ತು" ಎಂದು ಅಂಬಕ್ಕ ತಾವೇ ಹೇಳತೊಡಗಿದರು. ಅದು ಅವರ ಅಜ್ಜಿಯ ಮನೆಯಂತೆ. ಅಜ್ಜಿ ಒಳಗಿನಿಂದ ಬಂದಳು; ಅಲ್ಲ, ಅಜ್ಜಿ ಒಳಗೇ ಇದ್ದಳು, ಹುಡುಗಿಯೇ ಒಳಗೆ ಹೋದಳು. ಅವಲಕ್ಕಿಗೆ ಮೊಸರು ಹಾಕಿ ಕೊಟ್ಟರು. ಬೆಲ್ಲವೂ ಇತ್ತು, ಅದನ್ನು ಹೇಳಲು ಮರೆತೆ ಎಂದು ಹಿಂದಕ್ಕೆ ಹೋಗಿ ಬೆಲ್ಲ ಸೇರಿಸಿದರು. ಅಜ್ಜಿಯ ಹಸುವಿನ ವಿಷಯ ಎತ್ತಿಕೊಂಡು ಹುಡುಗಿಯನ್ನು ಅರ್ಧ ಗಂಟೆ ಮರೆತೇಬಿಟ್ಟರು. ಕಾಳಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಹುಡುಗಿಯ ಕಾಲಿಗೆ ಬಿಸಿನೀರು ಹುಯ್ದರು, ಎಣ್ಣೆ ಹಚ್ಚಿದರು. ಅವಳಿಗೆ ನಿದ್ದೆ ಬಂತು. ಚಾಪೆ ಹಾಸಿದರು, ಹೊದಿಸಿದರು. ಅಷ್ಟು ಹೇಳಿ ಅಂಬಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಮುಗೀತು" ಅಂದರು.

ಅವರು ಕಥೆಯನ್ನು ಬಹಳ ಕೆಟ್ಟದಾಗಿ ಹೇಳಿದರು. ಕಡೇ ಪಕ್ಷ ನಾಲ್ಕು ಕಡೆ ನನಗೆ ತಿದ್ದಬೇಕೆನ್ನಿಸಿತು, ಹಸುವಿನ ಹತ್ತಿರವಂತೂ ತುಟಿಯ ತನಕ ಮಾತು ಬಂದಿತ್ತು. ಬಾಯಿ ಮುಚ್ಚಿಕೊಂಡು ಕೇಳಿದೆ. ನನ್ನ ಇಡೀ ಕಥೆಗಾರಿಕೆಯಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೊಂದೇ ಇರಬೇಕು.